ಹದಿನೆಂಟನೆಯ ಕ್ಯಾಸೆಟ್

ಮೊನ್ನೆ ಆದೋನಿಯಿಂದ ಮಂತ್ರಾಲಯಕ್ಕೆ ತಮ್ಮನ ಮಗನ ಕಾರಿನಲ್ಲಿ ಹೊರಟಿದ್ದೆವು. ಅವನ ಹೆಂಡತಿ ಶೈಲಾ ತನ್ನ ಫೋನಿನಲ್ಲಿ ಒಂದು ಕಾದಂಬರಿ ಹಚ್ಚಿದಳು. ಈಗ ಹಾಗೆ ಕೇಳುವುದು ರೂಢಿಯಂತೆ. ಹನ್ನೆರಡು ತಾಸಿನ ಕಾದಂಬರಿ, ಊರಿಂದ ಊರಿಗೆ ಹೋಗುವಾಗ ಅಷ್ಟಷ್ಟೇ ಕೇಳಿ ಮುಗಿಸುತ್ತಾಳೆ. ಓದುತ್ತಿದ್ದವಳ ಕಂಠ ಚೆನ್ನಾಗಿತ್ತು. ಆದರೆ ಹಿಂದೆ ಕೋಳಿ ಕೂಗಲಿಲ್ಲ, ಮಿಲ್ಲಿನ ಸೈರನ್ ಹೊಡೆಯಲಿಲ್ಲ, ಓದುವವಳು ಒಮ್ಮೆಯೂ ಕೆಮ್ಮಲಿಲ್ಲ. ನನಗೆ ಅದೊಂದು ಕೊರತೆ ಅನ್ನಿಸಿತು.

ಊರ ಹೊರಗಿನ ಜಿನ್ನಿಂಗ್ ಮಿಲ್ಲು ಬಂದಾಗ ಹತ್ತಿಕಾಳು ಹಿಂಡುವ ಕಮಟು ವಾಸನೆ ಒಳಗೆ ನುಗ್ಗಿತು. ಶೈಲಾ ಕಿಟಕಿ ಏರಿಸಹೋದಳು. "ಇರಲಿ ಬಿಡವ್ವ," ಅಂದೆ. ಮಲ್ಲಿಗೆಯ ವಾಸನೆಗೆ ತವರು ನೆನಪಾಗುವ ಹೆಂಗಸರಿದ್ದಾರೆ. ನನಗೆ ಹತ್ತಿಕಾಳಿನ ಎಣ್ಣೆ ಮೂಗಿಗೆ ಬಡಿದರೆ ಒಬ್ಬ ಮನುಷ್ಯನಿಗೆ ಮಣ್ಣು ಮುಕ್ಕಿಸಿದ ವರ್ಷ ನೆನಪಾಗುತ್ತದೆ. ಕೆಟ್ಟ ನೆನಪೇನಲ್ಲ, ಹೇಳುತ್ತೇನೆ.

ಮೊದಲು ಅಪ್ಪನ ವಿಷಯ. ನಮ್ಮಪ್ಪ ಈರಣ್ಣ ಮಾಸ್ತರು ಹಾಲಹರವಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ರಾಜ್ಯ ಆಂಧ್ರದ್ದು, ಸಂತೆ ತೆಲುಗಿನದು, ಅಡಿಗೆಮನೆ ಕನ್ನಡದ್ದು. ನಮ್ಮ ಕಡೆಯ ಊರುಗಳೆಲ್ಲ ಹಾಗೇ. ಒಕ್ಕಲುತನದ ಮನೆತನದಲ್ಲಿ ಅಪ್ಪ ಒಬ್ಬರೇ ಓದಿದವರು. ಸಂಜೆ ಉಂಡು, ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದರು. ಓಣಿಯವರು ಬಂದು ಕೂರುತ್ತಿದ್ದರು. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದವರು, ಆದರೆ ಕಲಿತದ್ದು ತೆಲುಗು ಶಾಲೆಯಲ್ಲಿ. ಅವರಿಗೆ ಕನ್ನಡದ ಪುಸ್ತಕ ಎಂದರೆ ಈರಣ್ಣ ಮಾಸ್ತರ ಬಾಯಿ.

ಅಪ್ಪನ ಹತ್ತಿರ ಒಂದು ದಪ್ಪ ಕಾದಂಬರಿ ಇತ್ತು, ಆರುನೂರು ಪುಟದ್ದು. ಅದರ ಹೆಸರು ಹೇಳುವುದಿಲ್ಲ. ಹೇಳದಿರಲು ಕಾರಣವಿದೆ, ಕೊನೆಗೆ ನಿಮಗೇ ತಿಳಿಯುತ್ತದೆ. ಕಥೆಯನ್ನು ಬೇಕಾದರೆ ಹೇಳುತ್ತೇನೆ. ಹೊಳೆಯ ದಂಡೆಯಲ್ಲಿ ದೋಣಿ ನಡೆಸುವ ತಿಪ್ಪಣ್ಣ ಎಂಬ ಮುದುಕ. ಹೊಳೆಗೆ ಸೇತುವೆ ಬರುತ್ತದೆ, ದೋಣಿಯನ್ನು ಕೇಳುವವರಿಲ್ಲದಾಗುತ್ತದೆ. ಇದ್ದೊಬ್ಬ ಮಗಳು ಆ ಸೇತುವೆ ಕಟ್ಟಲು ಬಂದ ಮೇಸ್ತ್ರಿಯನ್ನೇ ಮದುವೆಯಾಗಿ ಆಚೆ ದಡಕ್ಕೆ ಹೋಗುತ್ತಾಳೆ. ಆ ಸೇತುವೆಯ ಮೇಲೆ ಕಾಲಿಟ್ಟರೆ ನಾನು ಅಂಬಿಗನಿಗೆ ಹುಟ್ಟಿದವನಲ್ಲ ಎಂದು ಮುದುಕ ಆಣೆ ಮಾಡುತ್ತಾನೆ. ವರ್ಷಗಳು ಹೋಗುತ್ತವೆ, ದೋಣಿ ತೂತು ಬೀಳುತ್ತದೆ, ಮಗಳು ಜಡ್ಡಾಗಿ ಮಲಗಿ ಅಪ್ಪನನ್ನು ಕರೆಯುತ್ತಾಳೆ. ಮುದುಕ ಸೇತುವೆ ದಾಟುತ್ತಾನೋ ಇಲ್ಲವೋ? ಇಡೀ ಪುಸ್ತಕ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯ ಮುಂದೆ ಜೀಪು ನಿಂತಿತು. ಇಳಿದವನು ಕನ್ನಡ ಶಾಲೆಗಳ ತನಿಖೆಗೆ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಪ್ರಹ್ಲಾದರಾವ್. ಹೊಳೆ ದಂಡೆಯ ಕಡೆಯ ದೊಡ್ಡ ವಿದ್ವಾಂಸರ ಮನೆತನ, ಇಸ್ತ್ರಿ ಮಾಡಿದ ಪಂಚೆ. ಅಪ್ಪ ಆಗ ಮೂರನೆಯ ಕ್ಲಾಸಿಗೆ ಪಾಠ ಹೇಳುತ್ತಿದ್ದರು.

"ನದಿ ಅಂದ್ರ ನಮ್ಮ ಹೊಳಿ ಐತಲ್ಲ, ಅದ. ತೆಲುಗಿನ್ಯಾಗ ಯೇರು ಅಂತಾರ ನೋಡ್ರಿ."

"ಏನ್ರೀ ಇದು, ಕನ್ನಡ ಶಾಲೆಯೋ ಸಂತೆಯೋ?" ಬಾಗಿಲಲ್ಲೇ ನಿಂತು ಆತ ಕೇಳಿದ. "ಐತಿ ಅಂದರೆ ಯಾವ ಭಾಷೆ? ಇದೆ ಅನ್ನಬೇಕು. ಪಾಠ ಮೊದಲಿನಿಂದ ಹೇಳಿ. ಮಕ್ಕಳೇ, ನಿಮ್ಮ ಮಾಸ್ತರು ತಪ್ಪು ಆಡಿದಾಗೆಲ್ಲ ಚಪ್ಪಾಳೆ ತಟ್ಟಬೇಕು. ತಿಳಿಯಿತಾ?"

ಮಕ್ಕಳಿಗೇನು, ಆಟ. ಐವತ್ತು ದಾಟಿದ ಅಪ್ಪ, ತಪ್ಪು ಮಾಡಿದ ಹುಡುಗರನ್ನು ನಿಲ್ಲಿಸುವ ಜಾಗದಲ್ಲಿ ನಿಂತು ಪಾಠ ಹೇಳಿದರು. ಗಾಬರಿಗೆ ನಾಲಿಗೆ ಮತ್ತಷ್ಟು ಊರಿನದಾಯಿತು. ಏಳು ಸಲ ಚಪ್ಪಾಳೆ ಬಿತ್ತು. ಪಡಸಾಲೆಯ ಕಿಟಕಿಯಲ್ಲಿ ನಿಂತು ನಾನು ಎಣಿಸಿದೆ. ಮೂರನೆಯ ಕ್ಲಾಸಿನಲ್ಲಿದ್ದ ನನ್ನ ತಮ್ಮನೂ ತಟ್ಟಿದ. ಆಮೇಲೆ ಆತ ಶಾಲೆಯ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಹೋದ. ಈ ಮಾಸ್ತರ ಕನ್ನಡ ಕಲಿಸಲು ಯೋಗ್ಯವಲ್ಲ ಎಂದು ಅದರ ಅರ್ಥ. ತಿಂಗಳೊಳಗೆ ಅಪ್ಪನನ್ನು ಪತ್ತಿಕೊಂಡದ ಆಚೆಯ ತೆಲುಗು ಹಳ್ಳಿಯೊಂದಕ್ಕೆ ಲೆಕ್ಕ ಕಲಿಸಲು ಕಳಿಸಿದರು.

ರಜೆಗೆ ಊರಿಗೆ ಬಂದರೂ ಅಪ್ಪ ಕಟ್ಟೆಯ ಮೇಲೆ ಪುಸ್ತಕ ತೆರೆಯಲಿಲ್ಲ. ಓಣಿಯವರು ಕೇಳಿದರೆ, "ನನ್ನ ಕನ್ನಡ ಶುದ್ಧ ಇಲ್ರಪ," ಎಂದು ಒಳಗೆ ಹೋಗುತ್ತಿದ್ದರು. ತಾಳಿದವನು ಬಾಳಿಯಾನು ಎಂದು ಅವ್ವ ಸಮಾಧಾನ ಹೇಳುವಳು. ತಾಳುವ ಗುಣ ನನಗೆ ಅಪ್ಪನಿಂದ ಬರಲಿಲ್ಲ. ಓದುವ ದನಿ ಮಾತ್ರ ಬಂತು.

ಎಂಟು ವರ್ಷ ಕಳೆದ ಮೇಲೆ, ಎಂಬತ್ತರ ದಶಕದ ಆರಂಭದಲ್ಲಿ, ಟೈಪಿಂಗ್ ಪಾಸು ಮಾಡಿಕೊಂಡಿದ್ದ ನನಗೆ ಆದೋನಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಒಳಗೆ ಹೋಗಿ ನೋಡಿದರೆ ಕುರ್ಚಿಯಲ್ಲಿ ಕೂತವನು ಅದೇ ಪ್ರಹ್ಲಾದರಾವ್. ತಲೆ ಸ್ವಲ್ಪ ನರೆತಿತ್ತು, ಪಂಚೆಯ ಇಸ್ತ್ರಿ ಹಾಗೇ ಇತ್ತು.

"ಯಾವೂರವ್ವಾ ನಿಂದು?" ಎಂದು ಕೇಳಿದ. ಹೇಳಿದೆ. "ಹೋ, ಅಲ್ಲೇನು! ಅಲ್ಲೊಬ್ಬ ಮಾಸ್ತರ ಇದ್ದ. ಏನು ಹೊಲಸು ಕನ್ನಡ ಅಂತೀ! ಮಕ್ಕಳ ಕೈಲೆ ಚಪ್ಪಾಳಿ ತಟ್ಟಿಸಿದ್ದೆ," ಎಂದು ನಕ್ಕ. ಹೆಸರು ನೆನಪಿರಲಿಲ್ಲ, ತಮಾಷೆ ಮಾತ್ರ ನೆನಪಿತ್ತು.

"ಹೌದೇನ್ರಿ," ಎಂದೆ. ಅವತ್ತು ಅಷ್ಟೇ ಅಂದೆ.

ತನಿಖೆಗೆ ಹೋಗುವಾಗ ಬರೆದುಕೊಳ್ಳಲು ನನ್ನನ್ನೂ ಕರೆದೊಯ್ಯುತ್ತಿದ್ದ. ಜೀಪು ನಡೆಸುವವನು ಮಸ್ತಾನ್, ಐವತ್ತರ ಆಸುಪಾಸಿನ ಆದೋನಿಯ ಮನುಷ್ಯ. ಕೌತಾಳಂ ಕಡೆಯ ಮೊದಲ ಶಾಲೆಯಲ್ಲೇ ನನಗೊಂದು ವಿಚಿತ್ರ ಕಂಡಿತು. ಹೆಡ್‌ಮಾಸ್ತರು ಕನ್ನಡದ ಹಾಜರಿ ಪುಸ್ತಕ ಕೊಟ್ಟರೆ ಸಾಹೇಬ ಅದನ್ನು ನನ್ನ ಕೈಗೆ ದಾಟಿಸಿದ. "ಓದವ್ವ, ನನಗ ಚಾಳೀಸು ಬಂದದ," ಎಂದ. ಜಿಗಿಯುವ ಜೀಪಿನಲ್ಲಿ ತೆಲುಗು ಪೇಪರನ್ನು ಮೂಲೆ ಬಿಡದೆ ಓದುವ ಕಣ್ಣಿಗೆ, ಅಲ್ಲಾಡದೆ ನಿಂತ ಮೇಜಿನ ಮೇಲಿನ ಕನ್ನಡ ಕಾಣಿಸುತ್ತಿರಲಿಲ್ಲ. ಇನ್ನೊಂದು ದಿನ, ಹಾಲಹರವಿ ದಾಟಿ ಬಳ್ಳಾರಿಯ ಗಡಿಯಲ್ಲಿ ಚಹಾಕ್ಕೆ ನಿಂತಾಗ, ಅಂಗಡಿಯ ಬೋರ್ಡನ್ನು ಆತ ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸುತ್ತಿದ್ದುದನ್ನು ನೋಡಿಬಿಟ್ಟೆ.

ಕನ್ನಡ ಶಾಲೆಗಳ ಇನ್‌ಸ್ಪೆಕ್ಟರಿಗೆ ಕನ್ನಡ ಓದಲು ಬರುತ್ತಿರಲಿಲ್ಲ! ನಮ್ಮ ಕಡೆ ಓದಲು ಬಾರದಿರುವುದು ಅಪರಾಧವಲ್ಲ, ಆತನೂ ಕಲಿತದ್ದು ತೆಲುಗು ಶಾಲೆಯಲ್ಲೇ. ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರ ದೂರದ್ದೂ ಅಲ್ಲ, ಒಂದೆರಡು ತಿಂಗಳು ಕೂತರೆ ಬರುತ್ತದೆ. ಆದರೆ ವಿದ್ವಾಂಸರ ಮನೆಯ ಮಗ ಯಾರ ಮುಂದೆ ಕೂರಬೇಕು? ನಮ್ಮಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ಯಾಕೆ ಬರೆದ ಎಂದು ಅವತ್ತು ತಿಳಿಯಿತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ಅಪ್ಪನ ಎಲೆಯಲ್ಲಿ ನೊಣ ಹುಡುಕಿದ್ದ. ನನಗೆ ಎಷ್ಟು ಉರಿಯಿತೆಂದರೆ ಚಹಾ ಅರ್ಧ ಬಿಟ್ಟು ಜೀಪಿನಲ್ಲಿ ಹೋಗಿ ಕೂತೆ.

ಸಂಕ್ರಾಂತಿ ಮುಗಿದು ಹತ್ತಿ ಬಿಡಿಸುವ ಕೆಲಸ ಜೋರಾದಾಗ ಆತನೇ ಬಾಯಿ ತೆರೆದ. ಯುಗಾದಿಗೆ ಮುಂಚೆ ಮಂತ್ರಾಲಯದಲ್ಲಿ ಕನ್ನಡ ಮಾಸ್ತರುಗಳದೊಂದು ಸಭೆ, ಬಳ್ಳಾರಿಯಿಂದ ಕಾಲೇಜಿನ ಮೇಷ್ಟ್ರುಗಳೂ ಬರುವವರಿದ್ದರು. ಒಂದು ದೊಡ್ಡ ಕಾದಂಬರಿಯ ಬಗ್ಗೆ ಆತ ಭಾಷಣ ಮಾಡಬೇಕಿತ್ತು. ಯಾವ ಕಾದಂಬರಿ? ಅಪ್ಪನ ಹತ್ತಿರ ಇದ್ದ ಆ ದಪ್ಪ ಪುಸ್ತಕವೇ! ಮಾಸ್ತರುಗಳೆಲ್ಲ ಹೊಗಳುತ್ತಿದ್ದ ಪುಸ್ತಕ, ಅದಕ್ಕೇ ಅದರ ಹೆಸರು ಕೊಟ್ಟಿದ್ದ.

"ನಾ ಅದನ್ನ ಮೂರು ಸಲ ಓದೀನವ್ವ. ಮತ್ತೊಮ್ಮೆ ಕಿವೀಲೆ ಕೇಳಬೇಕು ಅನಸ್ತದ. ನಮ್ಮನ್ಯಾಗ ಟೇಪ್ ರೆಕಾರ್ಡರ್ ಅದ, ಕ್ಯಾಸೆಟ್ ನಾ ಕೊಡಸ್ತೀನಿ. ನೀ ಓದಿ ತುಂಬಿಕೊಡು, ದಾರ್ಯಾಗ ಕೇಳೋಣ. ಆದ್ರ ಪುಸ್ತಕ ಎಲ್ಲೂ ಸಿಗವಲ್ದು."

"ನಮ್ಮನ್ಯಾಗ ಐತ್ರಿ," ಅಂದೆ.

ಐತಿ ಅಂದದ್ದನ್ನು ತಿದ್ದಲಿಲ್ಲ. ಪುಸ್ತಕದ ಗರಜು ಆತನದಾಗಿತ್ತು.

ನನ್ನ ಬಾಡಿಗೆ ಕೋಣೆ ಜಿನ್ನಿಂಗ್ ಮಿಲ್ಲಿನ ಹಿಂದೆ. ಬೆಳಗ್ಗೆ ಎದ್ದು ಒಂದು ತಾಸು, ಭಾನುವಾರ ಮಧ್ಯಾಹ್ನ ಮೂರು ತಾಸು ಓದುತ್ತಿದ್ದೆ. ಹತ್ತಿಕಾಳಿನ ವಾಸನೆ ತಡೆಯಲು ಬಾಗಿಲು ಹಾಕಿದರೆ ಸೆಖೆ, ತೆಗೆದರೆ ಮನೆ ಒಡತಿಯ ಕೋಳಿಗಳು. ತಿಪ್ಪಣ್ಣ ಆಣೆ ಮಾಡುವ ಗಳಿಗೆಯಲ್ಲಿ ಮಿಲ್ಲಿನ ಸೈರನ್ ಹೊಡೆಯಿತು. ಮತ್ತೆ ಓದುವ ಗೋಜಿಗೆ ಹೋಗಲಿಲ್ಲ, ಹಾಗೇ ಬಿಟ್ಟೆ. ಕ್ಯಾಸೆಟ್ಟನ್ನು ಹಿಂದೆ ಸುತ್ತಿ ಕೇಳಿದಾಗ ತಿಳಿಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲ ಅಪ್ಪನದೇ. ಟೇಪಿನಲ್ಲಿ ಓದುತ್ತಿದ್ದವರು ಕಟ್ಟೆಯ ಮೇಲಿನ ನಮ್ಮಪ್ಪ, ದನಿ ಮಾತ್ರ ಹೆಣ್ಣಿನದು.

ಜೀಪಿನ ಹಿಂದಿನ ಸೀಟಿನಲ್ಲಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂರುತ್ತಿದ್ದೆ, ಇಲ್ಲದಿದ್ದರೆ ಆ ರಸ್ತೆಗೆ ಅದು ಉಳಿಯುತ್ತಿರಲಿಲ್ಲ. ಎರಡೂ ಕಡೆ ಕರಿ ಹೊಲ, ಹೊಲದ ತುಂಬ ಬಗ್ಗಿದ ಹೆಂಗಸರು. ಹತ್ತಿ ಹೇರಿದ ಲಾರಿಗಳು ಹೋದ ದಾರಿಯಲ್ಲಿ ಜಾಲಿಯ ಮುಳ್ಳಿಗೆಲ್ಲ ಹತ್ತಿ ಸಿಕ್ಕಿಕೊಂಡು ಗಿಡವೇ ನರೆತ ಹಾಗೆ ಕಾಣುತ್ತಿತ್ತು. ನಡುವೆ ನಮ್ಮ ಜೀಪು, ಜೀಪಿನೊಳಗೆ ಹೊಳೆ. ಸುಳ್ಳು ಯಾಕೆ ಹೇಳಲಿ, ಆ ಎರಡು ತಿಂಗಳು ನಾನು ಸುಖಪಟ್ಟೆ. ಒಂದು ಮಗ್ಗುಲು ಮುಗಿಯುವ ಮೊದಲೇ ಊರು ಬಂದರೆ ಮಸ್ತಾನ್ ಬೇವಿನ ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ಆರಿಸುತ್ತಿದ್ದ. ಶಾಲೆಯ ಮಕ್ಕಳು ಸಾಲಾಗಿ ನಿಂತು ಕಾಯುತ್ತಿದ್ದರೂ ಸಾಹೇಬ ಇಳಿಯುತ್ತಿರಲಿಲ್ಲ. ತನಿಖೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು. ಆ ವರ್ಷ ಮಾಸ್ತರುಗಳು ಅಷ್ಟು ಸುಲಭವಾಗಿ ಪಾರಾದದ್ದು ತಿಪ್ಪಣ್ಣನ ದಯೆಯಿಂದ.

"ಅರೇ ಅಮ್ಮಾ, ಆ ಬುಡ್ಡಾನ್ನ ಒಮ್ಮಿ ಸೇತುವಿ ಮ್ಯಾಲ ಹತ್ತಿಸ್ರಿ. ನನ್ನ ಎದಿ ತಡಿಯವಲ್ದು," ಎಂದು ಮಸ್ತಾನ್ ಗೋಗರೆಯುತ್ತಿದ್ದ.

"ನನಗ ಹತ್ತಸಾಕ ಬರ್ತೈತೇನ್ರಿ? ಪುಸ್ತಕದಾಗ ಇದ್ದಂಗ ಓದಬೇಕು," ಎನ್ನುತ್ತಿದ್ದೆ. ಆಗ ಅದು ನಿಜವೂ ಆಗಿತ್ತು.

ಹನ್ನೊಂದನೆಯ ಕ್ಯಾಸೆಟ್ಟಿನಲ್ಲಿ ಮಗಳು ಅಪ್ಪನಿಗೆ ಹೇಳದೆ ಮನೆ ಬಿಡುತ್ತಾಳೆ. ಮುಂದಿನ ಸೀಟಿನಲ್ಲಿ ಪ್ರಹ್ಲಾದರಾವ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಅಳುವ ಮನುಷ್ಯನನ್ನು ನೋಡಿದರೆ ಸಿಟ್ಟು ಇಳಿಯಬೇಕು. ನನ್ನದು ಏರಿತು. ಅಪ್ಪನ ಕಟ್ಟೆ ಖಾಲಿ ಮಾಡಿದವನು ಅಪ್ಪನ ಪುಸ್ತಕಕ್ಕೇ, ಅಪ್ಪನ ಓದಿಗೇ ಅಳುತ್ತಿದ್ದಾನಲ್ಲ ಎನ್ನಿಸಿತು. ಆ ಸುಖ ಈ ಮನುಷ್ಯನಿಗೆ ಸಲ್ಲಬಾರದು. ಆದರೂ ಏನು ಮಾಡಬೇಕೆಂದು ತೋಚಿರಲಿಲ್ಲ.

ತೋಚಿಸಿದವನೂ ಆತನೇ. ಹದಿನೇಳನೆಯ ಕ್ಯಾಸೆಟ್ ಕೇಳಿದ ದಿನ ಕೌತಾಳಂ ಕಡೆಯ ಶಾಲೆಯೊಂದರಲ್ಲಿ ಒಬ್ಬ ವಯಸ್ಸಾದ ಮಾಸ್ತರನ್ನು ಮಕ್ಕಳೆದುರು ನಿಲ್ಲಿಸಿದ. "ಆ ಕಾದಂಬರಿ ಓದಿಲ್ಲವೇ? ನೀವೆಂಥ ಕನ್ನಡ ಮಾಸ್ತರು? ನಾನು ಮೂರು ಸಲ ಓದಿದ್ದೇನೆ," ಎಂದ. ಮಾಸ್ತರು ಅಂಗಿಯ ತುದಿ ಹಿಡಿದುಕೊಂಡು ತಲೆ ತಗ್ಗಿಸಿದರು. ಅಪ್ಪ ನಿಂತದ್ದೂ ಥೇಟ್ ಹಾಗೇ. ಉಳಿದಿದ್ದದ್ದು ಒಂದೇ ಕ್ಯಾಸೆಟ್, ಕೊನೆಯ ಮೂವತ್ತು ಪುಟ. ಸಂಜೆ ಕೋಣೆಗೆ ಬಂದವಳು ಪುಸ್ತಕ ಮುಚ್ಚಿಟ್ಟೆ, ಒಂದು ಹೊಸ ನೋಟ್‌ಬುಕ್ ತೆರೆದೆ.

ಮೂರು ದಿನ ಬರೆದೆ. ಆರುನೂರು ಪುಟ ಬಾಯಲ್ಲಿ ಆಡಿಸಿದವಳಿಗೆ ಆ ಶೈಲಿ ಕೈಗೆ ಬರುವುದು ಕಷ್ಟವಾಗಲಿಲ್ಲ. ನನ್ನ ಕಥೆಯಲ್ಲಿ ಹೊಳೆಗೆ ನೆರೆ ಬರುತ್ತದೆ, ಸೇತುವೆ ಕೊಚ್ಚಿಹೋಗುತ್ತದೆ. ಮುದುಕ ತೂತು ದೋಣಿಗೆ ಡಾಂಬರು ಬಳಿದು, ನೆರೆಯಲ್ಲೇ ಹುಟ್ಟು ಹಾಕಿ, ಮಗಳನ್ನು ಕರೆತರುತ್ತಾನೆ. ಆಣೆಯೂ ಉಳಿಯಿತು, ಮಗಳೂ ಉಳಿದಳು. ಪ್ರಹ್ಲಾದರಾವ್‌ನಂಥವರಿಗೆ ಇಂಥ ಕೊನೆಯೇ ಬೇಕು ಎಂದು ನನಗೆ ಗೊತ್ತಿತ್ತು. ತಪ್ಪು ಒಪ್ಪಿಕೊಳ್ಳುವುದೂ ಬೇಡ, ಏನನ್ನೂ ಕಳೆದುಕೊಳ್ಳುವುದೂ ಬೇಡ. ಪುಸ್ತಕದಲ್ಲಿ ನೆರೆಯಿಲ್ಲ. ಸೇತುವೆ ಕೊನೆಯ ಪುಟದವರೆಗೂ ಗಟ್ಟಿಯಾಗಿ ನಿಂತೇ ಇರುತ್ತದೆ.

ಹಾಲಹರವಿಯಿಂದ ಬರುವ ದಾರಿಯಲ್ಲಿ ಹದಿನೆಂಟನೆಯ ಕ್ಯಾಸೆಟ್ ಹಾಕಿದೆ. ಮುಗಿದಾಗ ಸಾಹೇಬನ ಗಲ್ಲದ ಮೇಲೆ ನೀರು. "ಆಹಾ, ಇದು ಸಾಹಿತ್ಯ," ಎಂದ. ಮಸ್ತಾನ್ ಒಬ್ಬನಿಗೇ ಅನುಮಾನ.

"ಅಮ್ಮಾ, ಸಿಮೆಂಟಿನ ಸೇತುವಿ ಅಷ್ಟು ಲಗೂನ ಹೋತೇನ್ರಿ? ಅದನ್ನ ಕಟ್ಟಿದಾವ ಅಳಿಯ ಅಲ್ಲೇನು, ಅಂವ ಹಂಗ ಕಟ್ಟಾಂವಲ್ಲ."

"ಸುಮ್ನಿರೋ ಮಸ್ತಾನ್, ನಿನಗೇನು ತಿಳೀತದ," ಎಂದು ಸಾಹೇಬ ಅವನ ಬಾಯಿ ಮುಚ್ಚಿಸಿದ. ಓದು ಬಾರದ ಡ್ರೈವರನಿಗೆ ತಿಳಿದದ್ದು ಮೂರು ಸಲ ಓದಿದವನಿಗೆ ತಿಳಿಯಲಿಲ್ಲ.

ಅಪ್ಪನಿಗೆ ಕಾಗದ ಹಾಕಿದೆ. ಇಂಥ ದಿನ ಸಭೆ ಇದೆ, ಪುಸ್ತಕವನ್ನು ಮುಂಚೆಯೇ ನಿಮ್ಮ ಶಾಲೆಯ ಹಳ್ಳಿಗೆ ಹೋಗುವವರ ಕೈಯಲ್ಲಿ ಕಳಿಸಿರುತ್ತೇನೆ, ಅದನ್ನು ತಗೊಂಡು ಬನ್ನಿ ಎಂದು ಬರೆದೆ. ಕ್ಯಾಸೆಟ್ಟಿನ ಸುದ್ದಿ ಎತ್ತಲಿಲ್ಲ. ಯಾರಾದರೂ ಸೇತುವೆಯ ಮಾತು ತೆಗೆದೇ ತೆಗೆಯುತ್ತಾರೆ, ಆಗ ಅಪ್ಪ ಎದ್ದು ಪುಸ್ತಕದಲ್ಲಿ ಹಾಗಿಲ್ಲ ಎನ್ನುತ್ತಾರೆ, ಏಳು ಚಪ್ಪಾಳೆಗೆ ಅದು ಸಾಟಿ ಎಂಬುದು ನನ್ನ ಲೆಕ್ಕ.

ಮಂತ್ರಾಲಯದ ಒಂದು ಛತ್ರದ ಸಭಾಂಗಣ. ಹೊರಗೆ ಬಿಸಿಲು ಸುಡುತ್ತಿತ್ತು, ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಎರಡನೆಯ ಸಾಲಿನಲ್ಲಿ ಅಪ್ಪ, ತೊಡೆಯ ಮೇಲೆ ಕೈಚೀಲ. ಅಪ್ಪನಿಗೆ ಸಾಹೇಬನ ಗುರುತು ಹತ್ತಿತು, ಸಾಹೇಬನಿಗೆ ಅಪ್ಪನ ಗುರುತು ಹತ್ತಲಿಲ್ಲ. ಭಾಷಣ ಜೋರಾಗಿಯೇ ನಡೆಯಿತು. ನನ್ನ ಹದಿನೇಳು ಕ್ಯಾಸೆಟ್ ಆತನ ಬಾಯಲ್ಲಿ ಬೆಣ್ಣೆಯಾಗಿ ಬಂದವು. ಆಮೇಲೆ ಹದಿನೆಂಟನೆಯದು ಬಂತು.

"ನೆರೆ ಬಂದು ಸೇತುವೆ ಕೊಚ್ಚಿಹೋಗುವ ಆ ಪ್ರಸಂಗ! ಅಲ್ಲಿ ನನ್ನ ಕಣ್ಣು ಒದ್ದೆಯಾಯಿತು," ಎಂದ.

ಬಳ್ಳಾರಿಯ ಮೇಷ್ಟ್ರೊಬ್ಬರು ಕೂತಲ್ಲಿಂದಲೇ ಕೇಳಿದರು. "ಸೇತುವಿ ಎಲ್ಲಿ ಕೊಚ್ಚಿ ಹೋತ್ರಿ ಸರ?"

"ಕೊನೆಯ ಅಧ್ಯಾಯ. ನೀವು ಸರಿಯಾಗಿ ಓದಿಲ್ಲ ಎಂದು ಕಾಣುತ್ತದೆ," ಎಂದ ಸಾಹೇಬ. ಸಭೆಯಲ್ಲಿ ಗುಸುಗುಸು ಎದ್ದಿತು. ಆಗ ಅಪ್ಪ ಎದ್ದರು. ನಾನು ಅಂದುಕೊಂಡ ಮಾತನ್ನು ಅವರು ಆಡಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ವೇದಿಕೆಗೆ ಹೋಗಿ, ಎರಡೂ ಕೈಯಿಂದ ಸಾಹೇಬನ ಮುಂದೆ ಹಿಡಿದರು.

"ವಾದ ಯಾಕ್ರಿ ಸಾಹೇಬ್ರ, ಪುಸ್ತಕ ಇಲ್ಲೇ ಐತಿ. ಕಡೀ ಪುಟ ನೀವ ಓದಿಬಿಡ್ರಿ. ದೊಡ್ಡವರ ಬಾಯಾಗ ಕೇಳಿದಂಗೂ ಆಗ್ತೈತಿ."

ಅಪ್ಪನ ಮುಖ ನೋಡಿದೆ. ಅದರಲ್ಲಿ ಕುಹಕ ಇರಲಿಲ್ಲ. ಕನ್ನಡ ಶಾಲೆಗಳ ಇನ್‌ಸ್ಪೆಕ್ಟರಿಗೆ ಕನ್ನಡ ಓದಲು ಬರುತ್ತದೆ ಎಂದು ನಂಬಿದ್ದ ಪಾಪದ ಮಾಸ್ತರ ಮುಖ ಅದು. ಸಾಹೇಬ ಕನ್ನಡಕ ತಡಕಾಡಿದ. ಕನ್ನಡಕ ಮೂಗಿನ ಮೇಲೇ ಇತ್ತು. ಎದುರಿಗೆ ಇನ್ನೂರು ಮಂದಿ ಮಾಸ್ತರುಗಳು, ಬಾಯಿಗೆ ತಾಗುವಷ್ಟು ಹತ್ತಿರ ಮೈಕು.

"ಬೆ... ಳ... ಗಿ... ನ..." ಎಂದ. ನಿಂತ. "ಹೊ... ಹೊ..."

ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸವನ್ನೇ ಮಾಡಿದರು. ಸಾಹೇಬನ ಪಕ್ಕಕ್ಕೆ ಸರಿದು, ಪುಸ್ತಕದ ಮೇಲೆ ಬಾಗಿ, ಅಕ್ಷರದ ಕೆಳಗೆ ಬೆರಳಿಟ್ಟರು.

"ಅಲ್ಲಿ ಒತ್ತಕ್ಷರ ಐತ್ರಿ. ಹೊತ್ತು. ಹೂಂ, ಮುಂದ..."

ಮೂರನೆಯ ಕ್ಲಾಸಿನ ಹುಡುಗನಿಗೆ ಹೇಳುವ ಮೆತ್ತಗಿನ ದನಿ. 'ಐತಿ' ಎಂಬುದು ಮೈಕಿನಲ್ಲಿ ಇಡೀ ಛತ್ರಕ್ಕೆ ಕೇಳಿಸಿತು, ಯಾರೂ ತಿದ್ದಲಿಲ್ಲ. ಯಾರೂ ನಗಲೂ ಇಲ್ಲ. ಎಲ್ಲರಿಗೂ ಒಟ್ಟಿಗೇ ವಿಷಯ ತಿಳಿದುಹೋಗಿತ್ತು. ಅಪ್ಪನಿಗೂ ಬೆರಳು ಇಟ್ಟ ಮೇಲೆಯೇ ತಿಳಿದದ್ದು, ಮುಖ ಕಪ್ಪಿಟ್ಟಿತು. ಸಾಹೇಬ "ಸೂ... ಸೂ..." ಎಂದು ಮುಂದಿನ ಪದಕ್ಕೆ ಹೆಣಗುತ್ತಿದ್ದ. ಆಗ ನನ್ನ ಕೈ ಎರಡೂ ಮೇಲೆದ್ದವು. ನಾನು ಚಪ್ಪಾಳೆ ತಟ್ಟಿದೆ, ಒಂದೇ ಒಂದು.

ಆ ಸದ್ದಿಗೆ ಆತ ತಲೆ ಎತ್ತಿ ನನ್ನನ್ನು ನೋಡಿದ, ಪಕ್ಕದಲ್ಲಿ ನಿಂತ ಮಾಸ್ತರನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಹೊಲಸು ಕನ್ನಡದ ಮಾಸ್ತರ ನೆನಪಾದ. ಪುಸ್ತಕ ಮುಚ್ಚಿ ಅಪ್ಪನ ಕೈಗೆ ಕೊಟ್ಟು, ಇಂಗು ತಿಂದ ಮಂಗನಂತೆ ಕುರ್ಚಿಯಲ್ಲಿ ಕೂತ. ಎಂಟು ವರ್ಷ ನನ್ನ ಹೊಟ್ಟೆಯಲ್ಲಿದ್ದ ಬೆಂಕಿಗೆ ಅವತ್ತು ತಣ್ಣೀರು ಬಿತ್ತು. ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಆಗಲಿಲ್ಲ, ಹಾಯಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿ ಕೂತರು. ಕ್ಯಾಸೆಟ್ಟಿನ ಕಥೆಯೆಲ್ಲ ನಾನೇ ಹೇಳಿದೆ.

"ಚಪ್ಪಾಳಿ ಹೊಡದದ್ದೂ ನೀನ ಏನು?"

"ಹೂಂ ಅಪ್ಪಾ."

"ಓದಾಕ ಬರದಾವ ಯಾವನ ಆಗ್ಲಿ ಸರೋಜಾ, ಅವನ ಮುಂದ ಚಪ್ಪಾಳಿ ಹೊಡೀಬಾರದವ್ವ." ಬಸ್ಸು ಬಂತು. ಹತ್ತುವಾಗ ತಿರುಗಿ, "ಆ ನೆರಿ ಬರೋದು ಚಂದ ಬರದೀಯವ್ವ. ಆದ್ರ ಸೇತುವಿ ಬೀಳಬಾರದಿತ್ತು," ಎಂದರು. ಆ ಬೇಸಿಗೆಯಲ್ಲಿ ನಿವೃತ್ತರಾಗಿ ಊರಿಗೆ ಬಂದವರು, ಯಾರೂ ಕೇಳದೆಯೇ ಕಟ್ಟೆಯ ಮೇಲೆ ಕಂದೀಲು ತಂದಿಟ್ಟರು. ನನಗೆ ಬುದ್ಧಿ ಹೇಳಿದರೇನಾಯಿತು, ಪುಸ್ತಕ ತೆರೆದರಲ್ಲ.

ಸಭೆಯ ಮರುದಿನ ಕೊನೆಯ ತನಿಖೆಗೆ ಹೊರಟಾಗ ಟೇಪ್ ರೆಕಾರ್ಡರ್ ಇರಲಿಲ್ಲ. ಅರ್ಧ ದಾರಿ ಕಳೆದಿತ್ತು. ಸಾಹೇಬ ಮುಂದೆ ನೋಡುತ್ತಲೇ ಕೇಳಿದ.

"ನೀ ಆ ಮಾಸ್ತರ ಮಗಳೇನು?"

"ಹೌದ್ರಿ."

ಒಂದು ಹಳ್ಳಿ ಹೋಯಿತು, ಇನ್ನೊಂದು ಹೋಯಿತು.

"ಹಂಗಾದ್ರ ಆ ಮುದುಕ... ಸೇತುವಿ ದಾಟ್ತಾನೇನು?"

ಬಯ್ಯುತ್ತಾನೆ, ಕೆಲಸದಿಂದ ತೆಗೆಯುತ್ತೇನೆ ಎನ್ನುತ್ತಾನೆ ಎಂದು ಎಲ್ಲಕ್ಕೂ ಸಿದ್ಧಳಾಗಿ ಕೂತಿದ್ದೆ. ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ. ಮಸ್ತಾನ್ ಜೀಪಿನ ವೇಗ ತಗ್ಗಿಸಿದ. ಪಾಪ, ಅವನಿಗೂ ಬೇಕಿತ್ತು. ಅವನಿಗೆ ಆಮೇಲೆ ಚಹಾದಂಗಡಿಯ ಮರೆಯಲ್ಲಿ ಹೇಳಿದೆ, ಸಾಹೇಬನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡೆ. ಜೀಪಿನಲ್ಲಿ ಮಾತ್ರ ಹೀಗೆಂದೆ:

"ಮೂರು ಸಲ ಓದೀರಲ್ರಿ ಸಾಹೇಬ್ರ. ನಿಮಗ ಗೊತ್ತಿರಬೇಕು."

ತಿಂಗಳೊಳಗೆ ಆತ ತೆಲುಗು ಶಾಲೆಗಳ ಕಡೆಗೆ ವರ್ಗ ಮಾಡಿಸಿಕೊಂಡು ಹೋದ. ಆ ಮೇಲೆ ನಾನು ಆತನನ್ನು ನೋಡಿಲ್ಲ.

ಮೂರು ವರ್ಷ ಬಿಟ್ಟು ಕಚೇರಿಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ಜೋಡಿ ಕಾರ್ಡು ಬಂತು. ಆಗ ಅಂಥವು ಸಿಗುತ್ತಿದ್ದವು. ಒಂದು ಕಾರ್ಡಿನಲ್ಲಿ ನಾವು ಬರೆಯುವುದು, ಅದಕ್ಕೆ ಅಂಟಿಕೊಂಡ ಇನ್ನೊಂದು ಉತ್ತರ ಬರೆಯುವವರಿಗೆ. ಕನ್ನಡದಲ್ಲಿತ್ತು. ಅಕ್ಷರಗಳು ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ಓಲಾಡುತ್ತಿದ್ದವು, ತಲೆಕಟ್ಟು ಅಲ್ಲಲ್ಲಿ ತೆಲುಗಿನದು. "ನಾನು ಓದಲು ಕಲಿತಿದ್ದೇನೆ. ಆ ಪುಸ್ತಕ ಅಚ್ಚಿನಲ್ಲಿ ಇಲ್ಲವಂತೆ, ಎಲ್ಲಿಯೂ ಸಿಗಲಿಲ್ಲ. ನಿಮ್ಮ ಹತ್ತಿರ ಐತಿ. ಮುದುಕ ದಾಟಿದನೇ? ದಯವಿಟ್ಟು ತಿಳಿಸಿ." ಉತ್ತರದ ಕಾರ್ಡಿನ ಮೇಲೆ ತನ್ನ ವಿಳಾಸವನ್ನು ತಾನೇ ಕನ್ನಡದಲ್ಲಿ ಬರೆದಿದ್ದ.

'ಐತಿ' ಎಂದು ಬರೆದಿದ್ದ. ಬೇಕೆಂದೇ ಬರೆದನೋ, ಕೈ ತಪ್ಪಿ ಬಂತೋ, ಗೊತ್ತಿಲ್ಲ. ಅಪ್ಪನಿಗೆ ತೋರಿಸಿದೆ. ಅಪ್ಪ ಆ ಒಂದು ಪದದ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತರು. "ಬರೀ ಸರೋಜಾ. ಒಂದ ಮಾತಿನ ಉತ್ತರ," ಎಂದರು. ಬರೀತೀನಿ ಎಂದೆ. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದರು, ಬರೀತೀನಿ ಎನ್ನುತ್ತಿದ್ದೆ. ಅಪ್ಪನಿಗೆ ನಾನು ಹೇಳಿದ ಸುಳ್ಳು ಅದೊಂದೇ. ಅಪ್ಪ ಹೋಗಿ ಈಗ ಬಹಳ ವರ್ಷವಾಯಿತು.

ಇಷ್ಟನ್ನೂ ಮೊನ್ನೆ ಕಾರಿನಲ್ಲಿ ಹೇಳಿ ಮುಗಿಸುವಾಗ ಮಂತ್ರಾಲಯದ ಲಾಡ್ಜುಗಳು ಕಾಣಿಸತೊಡಗಿದ್ದವು. ಶೈಲಾ ತನ್ನ ಕಾದಂಬರಿಯನ್ನು ಯಾವಾಗಲೋ ನಿಲ್ಲಿಸಿದ್ದಳು.

"ಅತ್ತಿ, ಕಡೀಕ ಆ ಮುದುಕ ದಾಟಿದ್ನೋ ಇಲ್ಲೋ?"

ಅವಳ ಕಿವಿಯಲ್ಲಿ ಹೇಳಿದೆ. "ಅಯ್ಯ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ನಿಮಗೆ ಹೇಳುವುದಿಲ್ಲ, ಸಿಟ್ಟಾಗಬೇಡಿ. ಪುಸ್ತಕದ ಹೆಸರು ಹೇಳಿದರೂ ನಿಮ್ಮಲ್ಲಿ ಯಾರೋ ಒಬ್ಬರು ಅದನ್ನು ಹುಡುಕಿ ಕೊನೆಯನ್ನು ಎಲ್ಲರಿಗೂ ಹೇಳಿಬಿಡುತ್ತೀರಿ. ಆತ ಬದುಕಿದ್ದರೆ ಈಗ ತೊಂಬತ್ತರ ಮೇಲೆ. ಕನ್ನಡ ಓದಲು ಬೇರೆ ಕಲಿತಿದ್ದಾನೆ. ಈ ಬರಹ ಆತನ ಕೈಗೆ ಸಿಗುವುದಿಲ್ಲ ಎಂದು ಹೇಗೆ ಹೇಳಲಿ?

ಆ ಖಾಲಿ ಕಾರ್ಡು ಅಪ್ಪನ ಪುಸ್ತಕದ ಕೊನೆಯ ಪುಟದಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ, ಪೆನ್ನನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಒಂದೇ ಮಾತು ಬರೆದರೆ ಮುಗಿಯಿತು. ಕೊನೆಗೆ ಏಳು ಚಪ್ಪಾಳೆಯನ್ನು ಮತ್ತೊಮ್ಮೆ ಎಣಿಸಿ, ಕಾರ್ಡನ್ನು ಒಳಗಿಟ್ಟು ಪುಸ್ತಕ ಮುಚ್ಚುತ್ತೇನೆ.